ಎಡಗಡೆ ಅಕ್ಕನ ಕತ್ತು

ಆ ಬೀದಿಯ ಎಡಸಾಲಿನವರನ್ನು ಕೇಳಿದರೆ, ಅಕ್ಕನಂಥ ಒಳ್ಳೆಯ ಹೆಂಗಸು ಮತ್ತೊಬ್ಬಳಿಲ್ಲ ಎನ್ನುತ್ತಿದ್ದರು. ಕಂಡಾಗಲೆಲ್ಲ ಮುಖವರಳಿಸಿ ನಕ್ಕು, ಮಗುವಿನ ಕೆಮ್ಮು ವಾಸಿಯಾಯಿತೇ ಎಂದು ವಿಚಾರಿಸಿಕೊಂಡೇ ಮುಂದೆ ಹೋಗುವವಳು. ಬಲಸಾಲಿನವರನ್ನು ಕೇಳಿದರೆ ಕಥೆಯೇ ಬೇರೆ. "ಅವಳಾ? ಜಂಬ ಅಂದ್ರೆ ಜಂಬ. ನಾವು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ರೂ ಈ ಕಡೆ ಒಂದ್ಸಲ ನೋಡಲ್ಲ" ಎಂದು ಮೂರನೇ ಮನೆಯ ದರ್ಜಿಯಮ್ಮ ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದಳು. ಬಸ್ಸು ಬೆಳಿಗ್ಗೆ ಬೀದಿಯ ಒಂದು ತುದಿಯಲ್ಲಿ ಹತ್ತಿಸಿಕೊಂಡು ಸಂಜೆ ಇನ್ನೊಂದು ತುದಿಯಲ್ಲಿ ಇಳಿಸುತ್ತಿತ್ತು. ಹಾಗಾಗಿ ಎರಡು ಹೊತ್ತೂ ಅಕ್ಕನ ಎಡಕ್ಕೆ ಸಿಗುವುದು ಒಂದೇ ಸಾಲು. ಆ ಸಾಲಿನವರಿಗೇ ನಗು, ಈ ಸಾಲಿನವರಿಗೆ ಬರೀ ಜಡೆಯ ದರ್ಶನ. ಎಡಗಡೆ ಅಕ್ಕ ಎಂಬ ಅಡ್ಡಹೆಸರು ಹುಟ್ಟಿದ್ದು ಹೀಗೆ.

ಅವಳಿಗೆ ಕತ್ತು ಬಲಕ್ಕೆ ತಿರುಗುತ್ತಲೇ ಇರಲಿಲ್ಲ ಎನ್ನುವುದು ಎರಡೂ ಸಾಲಿನವರಿಗೆ ಗೊತ್ತಿರಲಿಲ್ಲ.

ಅಕ್ಕನ ಕೆಲಸ, ಕೈಬರಹದ ಹಳೆಯ ದಾಖಲೆಗಳನ್ನು ಓದಿ ಕಂಪ್ಯೂಟರಿಗೆ ಇಳಿಸುವುದು. ಎಂಥ ಗೀಚು ಬರಹವಿರಲಿ, ಶಾಯಿ ಹರಡಿರಲಿ, ಅರ್ಧ ಪುಟವನ್ನು ಇಲಿ ತಿಂದಿರಲಿ, ಅಕ್ಕ ಓದುತ್ತಿದ್ದಳು. ಬೇರೆಯವರು ಕೈಚೆಲ್ಲಿದ ಕಾಗದವೆಲ್ಲ ಸುತ್ತಿ ಬಳಸಿ ಅವಳ ಮೇಜಿಗೇ ಬರುತ್ತಿತ್ತು. ಮುಂದೆ ಪರದೆ, ಎಡಕ್ಕೆ ಕಾಗದದ ಕಟ್ಟು. ದಿನಕ್ಕೆ ಎಂಟು ಗಂಟೆ, ಹತ್ತೊಂಬತ್ತು ವರ್ಷ. ಕತ್ತು ಎಡಕ್ಕೇ ಒಗ್ಗಿಹೋಗಿ, ಆಮೇಲೆ ಅಲ್ಲೇ ಬೀಗ ಹಾಕಿಕೊಂಡಿತು. ಅವಳ ಬಲಕ್ಕೆ ತಂಗಿಯ ಮೇಜು. ತಂಗಿಗೆ ಅಲ್ಲಿ ಕೆಲಸ ಕೊಡಿಸಿದವಳೂ ಅಕ್ಕನೇ, ಚಿಕ್ಕವಳಿದ್ದಾಗ ಸ್ಲೇಟು ಹಿಡಿಸಿ ಅಕ್ಷರ ತಿದ್ದಿಸಿದವಳೂ ಅಕ್ಕನೇ. ಅಮ್ಮ ತೀರಿಕೊಂಡ ಮೇಲೆ ಒಂದು ಬಾಡಿಗೆ ಮನೆ, ಒಂದು ಒಲೆ, ಊಟಕ್ಕೊಂದು ಅಲ್ಲಾಡುವ ಮೇಜು, ಇಬ್ಬರೇ.

ಆ ವರ್ಷ ನೋವು ಕತ್ತಿನಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ ಇಳಿಯಿತು. ತಲೆ ಬಾಚುವುದಕ್ಕೂ ಕೈ ಎತ್ತಲಾಗದೆ ಒಂದು ಬೆಳಿಗ್ಗೆ ಅಕ್ಕ ಕನ್ನಡಿಯ ಮುಂದೆ ಬಾಚಣಿಗೆ ಹಿಡಿದು ಸುಮ್ಮನೆ ಕೂತುಬಿಟ್ಟಳು. ಅದೂ ಎಂಥ ಹೊತ್ತಿನಲ್ಲಿ? ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಕುರ್ಚಿ ಅಕ್ಕನಿಗೇ ಎಂದು ಕಚೇರಿಯಲ್ಲಿ ಎಲ್ಲರೂ ಬಾಯಿಬಿಟ್ಟೇ ಹೇಳುತ್ತಿದ್ದರು. ಅಕ್ಕನೂ ಆಸೆಯನ್ನು ಮುಚ್ಚಿಟ್ಟಿರಲಿಲ್ಲ. ಹೊಸ ಹುಡುಗಿಯರಿಗೆ ಹಳೆಯ ಕೈಬರಹ ಓದುವುದನ್ನು ಕಲಿಸಬೇಕು, ತನ್ನ ಕಣ್ಣಿನ ಜೊತೆಗೇ ಆ ವಿದ್ಯೆ ಮುಗಿದುಹೋಗಬಾರದು, ಅಷ್ಟೇ ಅವಳಿಗೆ ಬೇಕಾಗಿದ್ದುದು.

"ನೆಟಿಗೆ ಡಾಕ್ಟರ ಹತ್ರ ಹೋಗೋಣ ಬಾ, ನಾನೇ ಕರ್ಕೊಂಡು ಹೋಗ್ತೀನಿ" ಎಂದವಳು ತಂಗಿಯೇ.

ಬೆನ್ನುಮೂಳೆಯನ್ನು ಕೈಯಿಂದಲೇ ಸರಿಪಡಿಸುವ ಕೈರೋಪ್ರ್ಯಾಕ್ಟರ್‌ಗೆ ಆ ಕಡೆಯವರು ಇಟ್ಟ ಹೆಸರು ಅದು. ಹೆಸರು ಕೇಳಿ ಅಕ್ಕ ಪೈಲ್ವಾನನೊಬ್ಬನನ್ನು ಊಹಿಸಿಕೊಂಡಿದ್ದಳು. ಒಳಗಿದ್ದವಳು ಗಿಡ್ಡ ಹೆಂಗಸು, ಮಣೆಯ ಮೇಲೆ ನಿಂತು ಕೆಲಸ ಮಾಡುವವಳು. ಬಂದ ಕೂಡಲೇ ಕತ್ತಿಗೆ ಕೈ ಹಾಕಲೂ ಇಲ್ಲ. ಕೈ ಜೋಮು ಹಿಡಿಯುತ್ತದೆಯೇ, ತಲೆ ಸುತ್ತುತ್ತದೆಯೇ, ಎಲ್ಲಾದರೂ ಬಿದ್ದಿದ್ದಿರಾ ಎಂದು ಅರ್ಧ ಗಂಟೆ ಪ್ರಶ್ನೆ ಕೇಳಿದಳು.

"ಇವೆಲ್ಲ ಯಾಕೆ ಡಾಕ್ಟ್ರೇ, ಲಟಕ್ ಅನ್ಸಿ ಕಳ್ಸಿ" ಎಂದಳು ಅಕ್ಕ.

"ಲಟಕ್ ಅನ್ಸಬಾರದ ಕತ್ತುಗಳೂ ಇರ್ತಾವಮ್ಮ. ಅಂಥವ್ರನ್ನ ಆಸ್ಪತ್ರೆಗೆ ಕಳಿಸ್ತೀನಿ. ನಿಮ್ಮದು ಆ ಜಾತಿಯದಲ್ಲ. ನಿಮ್ಮದು ಕಾಗದ ನೋಡಿ ನೋಡಿ ಹಟ ಹಿಡಿದ ಕತ್ತು."

ವಾರಕ್ಕೆರಡು ಸಲ ಹೋದಳು. ಡಾಕ್ಟರು ಭುಜದ ಬಿಗಿದ ಮಾಂಸಖಂಡಗಳನ್ನು ಮೊದಲು ಸಡಿಲಿಸಿ, ಆಮೇಲೆ ಬೆನ್ನಿನ ಒಂದೊಂದೇ ಕೀಲನ್ನು ಬೆರಳಿನಿಂದ ಹುಡುಕಿ ಮೆಲ್ಲಗೆ ಒತ್ತುತ್ತಿದ್ದಳು. ಗಲ್ಲವನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಗೋಡೆಗೆ ಬೆನ್ನು ಕೊಟ್ಟು ಕೈ ಮೇಲೆತ್ತುವುದು, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು ಎಂದು ಮನೆಗೆ ಪಾಠವನ್ನೂ ಕೊಟ್ಟಳು.

"ನನ್ನ ಕೈ ಅರ್ಧ ಕೆಲಸ ಮಾಡತ್ತೆ. ಉಳಿದರ್ಧ ನಿಮ್ಮ ಮೇಜು ಮಾಡ್ಬೇಕು" ಎಂದು ಕಚೇರಿಗೆ ಎರಡು ಪುಟದ ಪತ್ರ ಬರೆದುಕೊಟ್ಟಳು. ಮೊದಲ ಪುಟದಲ್ಲಿ ಕತ್ತಿನ ಸದ್ಯದ ಗತಿ: ಬಲಕ್ಕೆ ತಿರುಗುವುದಿಲ್ಲ, ಬಹಳ ಹೊತ್ತು ಕೂರಲಾಗುವುದಿಲ್ಲ. ಎರಡನೆಯದರಲ್ಲಿ ದಾರಿ: ಕಾಗದವನ್ನು ಪರದೆಯ ಪಕ್ಕದಲ್ಲೇ ನಿಲ್ಲಿಸುವ ಒಂದು ಸ್ಟ್ಯಾಂಡು ಕೊಡಿ, ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಎರಡು ತಿಂಗಳಲ್ಲಿ ಬಹುಪಾಲು ಸುಧಾರಿಸುವ ಲಕ್ಷಣವಿದೆ, ಯಾವ ಜವಾಬ್ದಾರಿಗೂ ಅಡ್ಡಿಯಿಲ್ಲ.

ಸಂಜೆ ವಿಭಾಗದ ಕಾಗದಪತ್ರಗಳನ್ನೆಲ್ಲ ಕಚೇರಿಯ ದೊಡ್ಡ ಸಾಹೇಬರ ಕೋಣೆಗೆ ಒಯ್ಯುವುದು ತಂಗಿಯ ಪಾಲಿನ ಕೆಲಸ. ಅಕ್ಕ ಪತ್ರವನ್ನು ಅವಳ ಕೈಗಿತ್ತಳು.

ಸ್ಟ್ಯಾಂಡು ಬರಲಿಲ್ಲ. ಕೇಳಿದಾಗಲೆಲ್ಲ ತಂಗಿ, "ನೋಡೋಣ ಅಂದಿದಾರೆ ಕಣೇ. ನೀನು ಈಗ ಹೋಗಿ ಕೇಳಿದ್ರೆ ಚೆನ್ನಾಗಿರಲ್ಲ" ಎನ್ನುತ್ತಿದ್ದಳು. ಅಕ್ಕ ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಕತ್ತರಿಸಿ ತಾನೇ ಸ್ಟ್ಯಾಂಡು ಮಾಡಿಕೊಂಡಳು. ಕತ್ತು ದಿನಕ್ಕೊಂದು ಎಳೆಯಷ್ಟು ಬಿಡತೊಡಗಿತು. ಒಂದು ಬೆಳಿಗ್ಗೆ ಬಲಗಡೆಯ ಕಿಟಕಿಯಲ್ಲಿ ಪಾರಿವಾಳ ಕಂಡಿತು. "ಇದು ಯಾವಾಗಿಂದ ಇಲ್ಲಿ ಕೂರತ್ತೆ?" ಎಂದು ಕೇಳಿದಳು. "ಹತ್ತು ವರ್ಷದಿಂದ" ಎಂದು ಇಡೀ ಕಚೇರಿಯೇ ನಕ್ಕಿತು.

ಮುಖ್ಯಸ್ಥರ ಕುರ್ಚಿ ತಂಗಿಗೆ ಹೋಯಿತು. ಅಕ್ಕನಿಗೆ ಒಳಗೆ ಚುರುಕ್ಕೆಂದಿತು ನಿಜ. ಆದರೂ, ಕಾಯಿಲೆಯವಳಿಗೆ ಯಾರು ಕೊಡುತ್ತಾರೆ, ಹೋದರೂ ಮನೆಯೊಳಗೇ ಹೋಯಿತಲ್ಲ ಎಂದುಕೊಂಡು, ಆ ಕುರ್ಚಿಗೆ ತಾನೇ ಒಂದು ದಿಂಬು ಹೊಲಿದುಕೊಟ್ಟಳು.

ಆ ಕಚೇರಿಯದೊಂದು ಪದ್ಧತಿ: ವರ್ಷಕ್ಕೊಮ್ಮೆ ಅದರ ಸ್ವಂತ ಕಡತಗಳೂ ಕಂಪ್ಯೂಟರಿಗೆ ಇಳಿಯಬೇಕು. ಓದಲು ಕಷ್ಟವಾದವು ಅಕ್ಕನ ಮೇಜಿಗೆ. ಆ ಸಲದ ಕಟ್ಟಿನಲ್ಲಿ ನೆಟಿಗೆ ಡಾಕ್ಟರ ವಕ್ರ ಕೈಬರಹದ ಪತ್ರವೂ ಇತ್ತು. ಮೊದಲ ಪುಟ ಮಾತ್ರ. ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದರು: "ವಾಸಿಯಾಗುವ ಭರವಸೆ ಇಲ್ಲವಂತೆ. ಮನೆಯಲ್ಲೂ ಬಹಳ ಕಷ್ಟಪಡುತ್ತಾರೆ. ಜವಾಬ್ದಾರಿ ಹೊರಿಸುವುದು ಬೇಡ."

ಯಾರೋ ಅನ್ನುವುದೇನು ಬಂತು? ತಲೆಕಟ್ಟಿನ ಕೊನೆಗೆ ಒಂದು ಸಣ್ಣ ಕೊಂಡಿ. ಸ್ಲೇಟಿನ ಮೇಲೆ ನೂರು ಸಲ ತಿದ್ದಿಸಿದರೂ ಹೋಗದ ಕೊಂಡಿ. ಊರಿನ ಕೈಬರಹವನ್ನೆಲ್ಲ ಓದಿದವಳು ಆ ಮೂರು ಸಾಲನ್ನು ಓದಲು ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಒಂದಕ್ಷರ ಬಿಡದೆ ಕಂಪ್ಯೂಟರಿಗೆ ಇಳಿಸಿದಳು.

ಸಂಜೆ ಊಟದ ಮೇಜಿಗೆ ಕೂತಾಗ ಅಕ್ಕನಿಗೆ ಇನ್ನೊಂದು ಹೊಳೆಯಿತು. ಮೇಜು ಅಲ್ಲಾಡುತ್ತಿಲ್ಲ. ಯಾವಾಗಿನಿಂದ? ಬಗ್ಗಿ ನೋಡಿದಳು. ಅವಳ ಬಲಕ್ಕಿದ್ದ ಮೇಜಿನ ಕಾಲಿನ ಕೆಳಗೆ, ಎಂಟಾಗಿ ಮಡಚಿದ ಕಾಗದ. ಎಳೆದು ಬಿಡಿಸಿದಳು. ಎರಡನೇ ಪುಟ.

ತಂಗಿ ಸಾರಿನ ಪಾತ್ರೆ ಹಿಡಿದು ಬಂದವಳು ಅಲ್ಲೇ ನಿಂತಳು.

"ಹರಿದು ಬಿಸಾಕಬಹುದಿತ್ತಲ್ಲೇ" ಎಂದಳು ಅಕ್ಕ.

"ಮನಸ್ಸು ಬರ್ಲಿಲ್ಲ."

"ಇಲ್ಲಿಡೋಕೆ ಬಂತಾ?"

"ನಿನಗೆ ಆ ಕಡೆ ಕಾಣಲ್ಲ ಅಂತ..." ತಂಗಿ ಪಾತ್ರೆ ಇಟ್ಟಳು. ಮೇಜು ಒಂದು ಕಡೆ ವಾಲಿ ಸಾರು ಚೆಲ್ಲಿತು. "ನಿನ್ನ ಒಳ್ಳೇದಕ್ಕೇ ಮಾಡ್ದೆ ಅಕ್ಕ. ನೀನು ನರಳೋದು ನೋಡೋಕಾಗ್ತಿರ್ಲಿಲ್ಲ. ವಾಸಿ ಆಗತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಇದರಲ್ಲಿ ಬರ್ದಿತ್ತು. ಓದಿದ್ಯಾ?"

ತಂಗಿ ಸಾರು ಒರೆಸುತ್ತಲೇ ಇದ್ದಳು. ಬಟ್ಟೆ ಒದ್ದೆಯಾಗಿ ಹೋಗಿದ್ದರೂ ಒರೆಸುತ್ತಿದ್ದಳು. "ಓದ್ದೆ" ಎಂದಳು ಕಡೆಗೆ. "ಹುಟ್ಟಿದಾಗಿನಿಂದ ನಿನ್ನ ಪಕ್ಕದಲ್ಲೇ ಕೂತಿದೀನಿ ಅಕ್ಕ. ಒಂದ್ಸಲ ಮುಂದೆ ಕೂರ್ಬೇಕು ಅನ್ನಿಸ್ತು."

ಕೇಳಿದ್ದರೆ ಬಿಟ್ಟುಕೊಡುತ್ತಿದ್ದೆ ಎನ್ನುವ ಮಾತು ಅಕ್ಕನ ನಾಲಗೆಯ ತುದಿಗೆ ಬಂದಿತ್ತು. ಅದು ನಿಜವೋ ಸುಳ್ಳೋ ಅವಳಿಗೇ ಗೊತ್ತಾಗಲಿಲ್ಲ, ನುಂಗಿಕೊಂಡಳು. ಅವಳಿಗೆ ನೆನಪಾದದ್ದು ಆ ದಿಂಬು. ಅದಕ್ಕೆ ಅಂಚು ಹೊಲಿಯಲು ಮೂರು ಸಂಜೆ ಹಿಡಿದಿತ್ತು, ತಂಗಿ ಎದುರಿಗೇ ಕೂತು ದಾರ ಪೋಣಿಸಿಕೊಟ್ಟಿದ್ದಳು.

ಮರುದಿನ ಸಾಹೇಬರು ಎರಡನೇ ಪುಟವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಆಗ್ಲೇ ಕೊಟ್ಟಿದ್ರೆ ಚೆನ್ನಾಗಿತ್ತಮ್ಮ. ಈಗ ಆದೇಶ ಆಗಿಹೋಗಿದೆ. ಯಾಕೆ ಕೊಡ್ಲಿಲ್ಲ?" ಎಂದರು. ಅಕ್ಕ ತಂಗಿಯ ಹೆಸರೆತ್ತದೆ ಆ ಪುಟವನ್ನು ವಾಪಸು ತೆಗೆದುಕೊಂಡಳು. ದೂರದ ಊರಿನ ಶಾಖೆಗೆ ವರ್ಗ ಕೇಳಿದಳು. ಅಲ್ಲಿಗೆ ಯಾರೂ ಹೋಗಲು ಒಪ್ಪುತ್ತಿರಲಿಲ್ಲವಾದ್ದರಿಂದ ಒಂದೇ ವಾರದಲ್ಲಿ ಸಿಕ್ಕಿತು.

ಹೊರಡುವ ಬೆಳಿಗ್ಗೆ ಗೋಡೆಗೆ ಬೆನ್ನು ಕೊಟ್ಟು ಕೈ ಎತ್ತುವ ವ್ಯಾಯಾಮವನ್ನು ಹತ್ತು ಸಲ ತಪ್ಪದೆ ಮಾಡಿದಳು. ಡಾಕ್ಟರು ಹೇಳಿದ್ದ ಹಾಗೆ ಚೀಲವನ್ನು ಎರಡೂ ಹೆಗಲಿಗೆ ಸಮನಾಗಿ ಹಾಕಿಕೊಂಡಳು. ಒಳಗೆ ಬಟ್ಟೆ, ರಟ್ಟಿನ ಸ್ಟ್ಯಾಂಡು, ಎಂಟು ಮಡಿಕೆಯ ಗುರುತಿದ್ದ ಆ ಕಾಗದ. ಅಡುಗೆಮನೆಯಲ್ಲಿ ತಂಗಿ ಇದ್ದಳು. ಅಕ್ಕ ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಹೊಸ್ತಿಲು ದಾಟಿದಳು.

ಬಲಸಾಲಿನ ಮೂರನೇ ಮನೆ ಬಂತು. ಅಭ್ಯಾಸಬಲದಿಂದ ಕತ್ತು ಎಡಕ್ಕೇ ಇತ್ತು. ಅಕ್ಕ ನಿಂತಳು, ಗಲ್ಲವನ್ನು ಹಿಂದಕ್ಕೆಳೆದುಕೊಂಡು, ಬಲಕ್ಕೆ ತಿರುಗಿದಳು. "ಹೊಲಿಗೆ ಜೋರಾ ದರ್ಜಿಯಮ್ಮ?"

ದರ್ಜಿಯಮ್ಮನ ತುಟಿಯ ಸೂಜಿ ಮಡಿಲಿಗೆ ಬಿತ್ತು. "ನಿಮಗೆ ಈ ಕಡೆನೂ ತಿರುಗತ್ತಾ?"

"ಇಷ್ಟು ವರ್ಷ ತಿರುಗ್ತಿರ್ಲಿಲ್ಲ. ಈಗ ವಾಸಿ ಆಯ್ತು."

"ಅಯ್ಯೋ ನಾನೊಬ್ಬಳು, ಜಂಬ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ" ಎಂದ ದರ್ಜಿಯಮ್ಮ ಸೂಜಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದಳು. ತಲೆಯೆತ್ತಿದಾಗ ಅವಳ ಕಣ್ಣಿಗೆ ಚೀಲ ಬಿತ್ತು. "ದೂರದ ಪ್ರಯಾಣನಾ? ತಂಗಿ ಕಳಿಸೋಕೆ ಬರ್ಲಿಲ್ವಾ?"

"ಊಟದ ಮೇಜು ಅಲ್ಲಾಡ್ತಿದೆ" ಎಂದಳು ಅಕ್ಕ. "ಕಾಲಡಿಗೆ ಇಡೋಕೆ ಏನಾದ್ರೂ ಹುಡುಕ್ತಿರ್ಬೇಕು."

ಅಷ್ಟು ಹೇಳಿ, ಚೀಲದ ಪಟ್ಟಿಗಳನ್ನು ಸರಿಮಾಡಿಕೊಂಡು, ಕತ್ತು ನೆಟ್ಟಗೆ ಇಟ್ಟುಕೊಂಡು ಬಸ್ಸಿನ ಕಡೆಗೆ ನಡೆದಳು.