ಸೀಗಡಿಗೆ ಡ್ರಿಪ್ ಕಟ್ಟಿದ್ದು

ತರೀಕೆರೆಯಿಂದ ಶಿವನಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ಬಟ್ಟೆಬರೆಯ ಜೊತೆ ಒಂದು ಗಾಜಿನ ತೊಟ್ಟಿಯನ್ನೂ ತಂದಿದ್ದೆ. ಅದರಲ್ಲಿ ಸಾಕುತ್ತಿದ್ದ ಕೆಂಪು ಸೀಗಡಿಗಳನ್ನು ಡಬ್ಬಿಗೆ ಹಾಕಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಒಂದೊಂದೂ ಉಗುರಿನಷ್ಟುದ್ದ. ಹೊಸ ಸೊಸೆಯನ್ನು ನೋಡಲು ಬಂದವರು ಸೊಸೆಯನ್ನು ಬಿಟ್ಟು ಡಬ್ಬಿ ನೋಡಿದರು.

ನಮ್ಮದು ಲಿಂಗ ಕಟ್ಟುವ ಮನೆ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು.

“ತಿನ್ನೋ ಸೀಗಡಿನೇನೇ ಇದು?”

“ಅಲ್ಲ ಅತ್ತೆ, ಚೆಂದಕ್ಕೆ ಸಾಕೋದು.”

“ಹಂಗಾರೆ ಹುಳ ಅನ್ನು. ಸೀಗಡಿ ಅಂತ ಓಣಿ ತುಂಬ ಹೇಳ್ಕಂಡು ತಿರುಗ್ಬೇಡ ಕಣೇ.”

ತೊಟ್ಟಿಯಲ್ಲಿ ಗಿಡ ನೆಟ್ಟು, ಕೊರಡಿಗೆ ಪಾಚಿ ಕಟ್ಟಿ, ಮೇಲೊಂದು ಲೈಟು ಹಾಕಿದಾಗ ಅವರು ನಕ್ಕುಬಿಟ್ಟರು. ಹಿತ್ತಲ ತೊಟ್ಟಿಯ ಪಾಚಿ ತಿಕ್ಕಿ ತಿಕ್ಕಿ ಸೊಂಟ ನೋಯಿಸಿಕೊಂಡವರಿಗೆ, ಕರೆಂಟು ಸುಟ್ಟು ಪಾಚಿ ಬೆಳೆಸುವ ಸೊಸೆ ಸಿಕ್ಕಿದ್ದಳು.

ಮನೆಯವರೆಲ್ಲ ಒಳ್ಳೆಯವರೇ. ಒಗ್ಗದೆ ಹೋದದ್ದು ನೀರು. ಇಲ್ಲಿಯ ಬೋರಿನ ನೀರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ನನ್ನ ಕೂದಲು ತೆಂಗಿನ ನಾರಿನಂತಾಯಿತು. ಹೊಸ ಮನೆಯಲ್ಲಿ ಯಾರ ಮೇಲೂ ತೋರಿಸಲಾಗದ ಸಿಟ್ಟನ್ನೆಲ್ಲ ಆ ನೀರಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ನಾನೇ ಮೂಗು ಮುರಿಯುವ ನೀರನ್ನು ಸೀಗಡಿಗೆ ಹೇಗೆ ಹಾಕಲಿ? ಊರಿನ ಘಟಕದಿಂದ ಕ್ಯಾನಿನಲ್ಲಿ ಫಿಲ್ಟರ್ ನೀರು ತರಿಸಿ, ನೆಂಟರಿಗೆ ಕೊಡುವಷ್ಟು ಮರ್ಯಾದೆಯಿಂದ ತೊಟ್ಟಿಗೆ ಹಾಕಿದೆ.

ಅವು ಸಾಯತೊಡಗಿದವು. ಸೀಗಡಿ ಬೆಳೆಯಬೇಕಾದರೆ ಹಾವಿನ ಹಾಗೆ ಪೊರೆ ಬಿಡಬೇಕು. ನನ್ನವು ಪೊರೆ ಬಿಡಲು ಹೋಗಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದ್ದವು. ಕುತ್ತಿಗೆಯ ಸುತ್ತ ಬಿಳಿ ಗೆರೆಯೊಂದು ಮೂಡಿದರೆ ಅದರ ಕಥೆ ಮುಗಿಯಿತೆಂದೇ ಅರ್ಥ. ನೀರು ಕೆಟ್ಟಿರಬೇಕೆಂದು ಇನ್ನಷ್ಟು ಫಿಲ್ಟರ್ ನೀರು ಹಾಕಿದೆ. ಇನ್ನೂ ಬೇಗ ಸತ್ತವು.

ಕೊನೆಗೆ ಬೆರಳೆಣಿಕೆಯಷ್ಟು ಉಳಿದವು. ಅದರಲ್ಲೊಂದು ಹೊಟ್ಟೆಯಡಿ ಮೊಟ್ಟೆ ಹೊತ್ತು, ಸಣ್ಣ ಕಾಲುಗಳಿಂದ ಅವಕ್ಕೆ ಗಾಳಿ ಬೀಸುತ್ತ ಕೂತಿತ್ತು. ನನಗೆ ಅಳು ಬಂತು. “ಇದೂ ಸತ್ತರೆ ನಾನಿಲ್ಲಿ ಇರೋದಿಲ್ಲ. ನಿಮ್ಮ ಕೆಲಸ ಹೇಗೂ ತರೀಕೆರೆಯಲ್ಲೇ, ಅಲ್ಲೇ ಬಾಡಿಗೆ ಮನೆ ಮಾಡೋಣ,” ಎಂದು ಗಂಡನಿಗೆ ಹೇಳಿಬಿಟ್ಟೆ. ತಮಾಷೆಗೆ ಹೇಳಿದ್ದಲ್ಲ. ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಅತ್ತೆಗೂ ಅದು ಕೇಳಿಸಿತು. ಜರಡಿಯ ಸದ್ದು ನಿಂತಿತು, ಆಮೇಲೆ ಮತ್ತೆ ಶುರುವಾಯಿತು.

ಮಾರನೆಯ ದಿನ ನಲ್ಲಿಗೆ ಕಟ್ಟಿದ್ದ ಬಿಳಿ ಪದರವನ್ನು ನಿಂಬೆಹೋಳಿನಿಂದ ಉಜ್ಜುತ್ತ, ಎಂದಿನಂತೆ ಬೈಯುತ್ತಿದ್ದೆ. ಹಾಳು ಸುಣ್ಣ, ಎಷ್ಟು ಉಜ್ಜಿದರೂ ಹೋಗದು. ಸುಣ್ಣ ಎಂದು ಬಾಯಲ್ಲಿ ಬಂದದ್ದೇ ಕೈ ನಿಂತುಹೋಯಿತು. ಸೀಗಡಿಯ ಪೊರೆ ಗಟ್ಟಿಯಾಗುವುದಕ್ಕೂ ಬೇಕಾದದ್ದು ಇದೇ ಅಲ್ಲವೇ? ಫಿಲ್ಟರು ಸೋಸಿ ಹೊರಗೆ ಹಾಕುತ್ತಿದ್ದದ್ದೂ ಇದನ್ನೇ.

ಆದರೆ ನೀರನ್ನು ಒಮ್ಮೆಲೇ ಬದಲಾಯಿಸಿದರೆ ಬಸುರಿ ಸೀಗಡಿ ತಡೆಯಲಾರದು. ಅಜ್ಜಂಪುರಕ್ಕೆ ಹೋಗಿ ಮೆಡಿಕಲ್ ಶಾಪಿನಲ್ಲಿ ಡ್ರಿಪ್ ಪೈಪು ಕೇಳಿದೆ.

“ಯಾರಿಗ್ರೀ ಹುಷಾರಿಲ್ಲ?” ಎಂದ ಅಂಗಡಿಯವನು.

“ಮನೇಲಿ ಒಬ್ಬಳು ಬಸುರಿ,” ಎಂದೆ. ಪಾಪ, ಅವನು ಗ್ಲೂಕೋಸ್ ಪುಡಿಯನ್ನೂ ತೆಗೆದಿಟ್ಟ.

ಬೋರಿನ ನೀರು ತುಂಬಿದ ಬಕೆಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಪೈಪನ್ನು ತೊಟ್ಟಿಗೆ ಇಳಿಬಿಟ್ಟು, ಹನಿ ಹನಿಯಾಗಿ ಬೀಳುವಂತೆ ಮಾಡಿದೆ. ಅತ್ತೆ ಕಾಂಪೌಂಡಿನಾಚೆಯವರಿಗೆ, “ನಮ್ ಸೊಸೆ ಹುಳಕ್ಕೆ ಡ್ರಿಪ್ ಹಾಕವ್ಳೆ ಬರ್ರೇ,” ಎಂದು ಕೂಗಿ ಹೇಳಿದರು. ಆದರೂ ನಾನು ಬಟ್ಟೆ ಒಗೆಯಲು ಹೋದಾಗಲೆಲ್ಲ ಅವರೇ ತೊಟ್ಟಿಯ ಮುಂದೆ ಕೂರುತ್ತಿದ್ದರು. ಬಕೆಟ್ಟು ಖಾಲಿಯಾದರೆ ತೊಟ್ಟಿಯಿಂದ ಅಷ್ಟು ನೀರು ಮೊಗೆದು ಚೆಲ್ಲಿ, ಅವರೇ ಮತ್ತೆ ತುಂಬುತ್ತಿದ್ದರು. ಹೀಗೇ ದಿನಗಳು ಕಳೆದವು. ಪೊರೆ ಬಿಡುವ ಸೀಗಡಿ ಸಲೀಸಾಗಿ ಹೊರಬರತೊಡಗಿತು. ಸಾವು ನಿಂತಿತು.

ಒಂದು ಬೆಳಗ್ಗೆ ಪಾಚಿಯ ಎಳೆಗಳ ನಡುವೆ ಏನೋ ಮಿಸುಕಾಡಿತು. ಸಾಸಿವೆಗಿಂತ ಸಣ್ಣವು, ಕಣ್ಣು, ಮೀಸೆ, ಕಾಲು ಎಲ್ಲ ಇರುವ ಮರಿಗಳು. ನೋಡಿದಷ್ಟೂ ಕಾಣುತ್ತಿದ್ದವು. ಕೂಗಿದ ರಭಸಕ್ಕೆ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದರು. ಕನ್ನಡಕ ಹಾಕಿಕೊಂಡು ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನೋಡಿದರು.

“ಉಳ್ಕಂಡ್ವಲ್ಲೇ,” ಎಂದರು.

“ನಿಧಾನಕ್ಕೆ ಬಿಟ್ಟಿದ್ದಕ್ಕೆ ಉಳಿದವು ಅತ್ತೆ. ಒಂದೇ ಸಲ ಸುರಿದಿದ್ರೆ ತಡ್ಕೊಳ್ತಿರಲಿಲ್ಲ.”

ಅತ್ತೆ ಪೈಪಿನಿಂದ ಬೀಳುವ ಹನಿಯನ್ನೇ ನೋಡುತ್ತಿದ್ದರು. ಅವರ ತವರು ಅಮೃತಾಪುರ. ಮದುವೆಯಾಗಿ ಬಂದಾಗ ಅವರಿಗೆ ಹದಿನೇಳೂ ತುಂಬಿರಲಿಲ್ಲ. ಆ ದಿನಗಳ ಬಗ್ಗೆ ಅವರು ಬಾಯಿ ಬಿಟ್ಟದ್ದನ್ನು ನಾನು ಕೇಳಿಯೇ ಇರಲಿಲ್ಲ.

“ನಮ್ಮನ್ನ ಒಂದೇ ಸಲಕ್ಕೆ ತಂದು ಸುರುವಿಬಿಟ್ರು ಕಣೇ,” ಎಂದರು.

ನಾನು ಸರಿದು ಕೂತು ಅವರಿಗೆ ಜಾಗ ಮಾಡಿಕೊಟ್ಟೆ. ತರೀಕೆರೆಯ ಬಾಡಿಗೆ ಮನೆಯ ಮಾತನ್ನು ಆಮೇಲೆ ನಾನು ಎತ್ತಲಿಲ್ಲ.