ಒಂದೇ ತಾಸಿನ ಹಿಮ

ದೇವಾಪುರದ ಶಾಲೆಯಲ್ಲಿ ಮಕ್ಕಳಿಗೊಂದು ಪ್ರಳಯದ ಸಿನಿಮಾ ತೋರಿಸಿದೆ. ಅದರಲ್ಲಿ ಒಂದೇ ತಾಸಿಗೆ ಇಡೀ ಪಟ್ಟಣ ಹಿಮ ಬಿದ್ದು ಬೆಳ್ಳಗಾಗುತ್ತದೆ. ವಿಜ್ಞಾನದ ಮಾಸ್ತರನಲ್ಲವೇ, "ಇದೆಲ್ಲ ಸುಳ್ಳು" ಎಂದೆ.

ಬಿಸಿಯೂಟ ಮಾಡುವ ಶಾಂತಮ್ಮ ಬಾಗಿಲಲ್ಲೇ ನಿಂತು ನೋಡಿದ್ದಳು. "ಸುಳ್ಳು ಯಾವದ್ರಿ ಸರ? ಬೆಳ್ಳಗಾಗೋದೊ, ಜಲ್ದಿ ಆಗೋದೊ?"

"ಜಲ್ದಿ ಆಗೋದು."

"ಹಂಗಾದ್ರ ಬರ್ರಿ" ಎಂದು ಶಾಲೆಯ ಹಿಂದಿನ ತನ್ನ ಹೊಲಕ್ಕೆ ಕರೆದೊಯ್ದಳು.

ವರ್ಷಗಟ್ಟಲೆ ಕಾಲುವೆ ನೀರು ಕುಡಿದೂ ಕುಡಿದೂ ಕರಿನೆಲ ಒಳಗಿನ ಉಪ್ಪನ್ನು ಮೇಲಕ್ಕೆ ತಂದಿತ್ತು. ಸುಡುವ ಮಧ್ಯಾಹ್ನದಲ್ಲಿ ಹೊಲ ಥೇಟ್ ಆ ಪಟ್ಟಣದಂತೆ ಬೆಳ್ಳಗೆ ಬಿದ್ದಿತ್ತು. ಒಂದು ಹಕ್ಕಿಯ ದನಿಯೂ ಇಲ್ಲ. ಕಾಲಿಟ್ಟರೆ ಕರಕರ ಎನ್ನುತ್ತಿತ್ತು.

"ಯಾವಾಗ ಹಿಂಗಾತು?"

"ದಿನಾ ಇಲ್ಲೇ ಇದ್ವಿರಿ ಸರ. ಖರೇನ, ಯಾರೂ ನೋಡ್ಲಿಲ್ಲ."

ಈಗ ನಾನು ಆ ಸಿನಿಮಾ ಸುಳ್ಳು ಎನ್ನುವುದಿಲ್ಲ. ಸ್ವಲ್ಪ ಅವಸರ ಮಾಡಿದ್ದಾರೆ ಎನ್ನುತ್ತೇನೆ.