ಲೈನ್ ರಾಜಣ್ಣನ ಟವೆಲ್ಲು

ತುರುವೇಕೆರೆ ತಾಲ್ಲೂಕಿನ ತೋಪಿನಪಾಳ್ಯದಲ್ಲಿ ಹನುಮಂತರಾಜು ಎಲ್ಲಿದ್ದಾರೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಲೈನ್ ರಾಜಣ್ಣ ಎಂದರೆ ಎಮ್ಮೆ ಕಟ್ಟುತ್ತಿರುವ ಹೆಂಗಸೂ ತಲೆಯೆತ್ತಿ, ‘ಯಾಕೆ, ಲೈನ್ ಹೋಗೈತಾ?’ ಎನ್ನುತ್ತಾಳೆ.

ಆ ಊರೂ ಸೇರಿ ಸುತ್ತಲಿನ ಏಳೆಂಟು ಹಳ್ಳಿಗಳ ಕಂಬ, ತಂತಿ, ಟಿಸಿಗಳು ರಾಜಣ್ಣನವರ ಪಾಲಿಗೆ ಬಂದಿವೆ. ಟ್ರಾನ್ಸ್‌ಫಾರ್ಮರಿಗೆ ಇಲ್ಲಿ ಎಲ್ಲರೂ ಟಿಸಿ ಎನ್ನುತ್ತಾರೆ. ಕೆಲಸಕ್ಕೆ ಸೇರಿದಾಗ ಅವರ ಮೀಸೆ ಕಪ್ಪಗಿತ್ತು. ಬರುವ ಯುಗಾದಿ ಕಳೆದರೆ ನಿವೃತ್ತಿ. ಅಲ್ಲಿಯವರೆಗೆ ಅವರಿಗೆ ಬೇಕಾಗಿರುವುದು ಇಷ್ಟೇ: ಕೈಕಾಲು ಇದ್ದ ಹಾಗೇ ಮನೆಗೆ ಹೋಗಬೇಕು. ಜೊತೆಯಲ್ಲೇ ಕೆಲಸಕ್ಕೆ ಸೇರಿದ್ದ ಕಾಂತೇಶ್ ಹಾಗೆ ಹೋಗಲಿಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ಒಂದು ತೋಟದಲ್ಲಿ, ಲೈನ್ ತೆಗೆದಿದೆ ಎಂದು ಯಾರೋ ಹೇಳಿದ್ದನ್ನು ನಂಬಿ ಕಂಬ ಹತ್ತಿದ ಅವರಿಗೆ ಈಗ ಹೆಂಡತಿಯೇ ತುತ್ತು ಮಾಡಿ ಉಣ್ಣಿಸಬೇಕು. ರಾಜಣ್ಣ ಆಗಾಗ ಹೋಗಿ ನೋಡಿ ಬರುತ್ತಾರೆ. ಇಬ್ಬರೂ ಮಳೆಯ ಮಾತು, ಕೊಬ್ಬರಿ ರೇಟಿನ ಮಾತು ಆಡುತ್ತಾರೆ. ಲೈನಿನ ಮಾತು ಬರುವುದಿಲ್ಲ.

ಆ ಮಾತು ಬಾರದ ಮನೆ ಈ ಸೀಮೆಯಲ್ಲಿ ಬೇರೆ ಇರಲಾರದು. ರೈಲಿನ ಜೊತೆ ಬಂತೋ ಕರೆಂಟಿನ ಜೊತೆ ಬಂತೋ, ಲೈನ್ ಎಂಬ ಇಂಗ್ಲಿಷ್ ಮಾತು ಬಂದದ್ದು ಬಂದು ಇಲ್ಲಿಯದೇ ಆಗಿಹೋಗಿದೆ. ರಾಜಣ್ಣ ಇರುವುದು ಅಮ್ಮಸಂದ್ರದ ಒಂದು ಲೈನ್ ಮನೆಯಲ್ಲಿ. ಒಂದೇ ಸೂರಿನ ಕೆಳಗೆ ಸಾಲಾಗಿ ಬಾಗಿಲುಗಳು, ಪಕ್ಕದ ಮನೆಯ ಒಗ್ಗರಣೆಗೆ ಇವರ ಮನೆಯಲ್ಲಿ ಸೀನು. ಹಿತ್ತಲಾಚೆ ಇರುವುದೂ ಲೈನೇ, ಅಂದರೆ ರೈಲು ಹಳಿ. ಹಸು ಮೇಯುತ್ತ ಅತ್ತ ಹೊರಟರೆ, ‘ಲೈನ್ ಮೇಲೆ ಹೋದಾವು, ನೋಡ್ಕಳೇ’ ಎಂದು ಕೂಗು ಕೇಳುತ್ತದೆ. ತಿಪಟೂರು ಬಸ್ಸಿನ ಕಂಡಕ್ಟರು ಈ ಲೈನಿನಲ್ಲಿ ಕಲೆಕ್ಷನ್ನೇ ಇಲ್ಲ ಎಂದು ಗೊಣಗುತ್ತಾನೆ. ಕೊಬ್ಬರಿ ತಂದ ಟ್ರ್ಯಾಕ್ಟರುಗಳ ಲೈನಿನಲ್ಲಿ ನಡುವೆ ನುಗ್ಗಿದವನಿಗೆ, ‘ಲೈನಿಗೆ ಬಾರ್ಲಾ’ ಎಂಬ ಗದರಿಕೆ ಬೀಳುತ್ತದೆ. ಕುಡಿತ ಬಿಟ್ಟು ತೋಟದ ಕಡೆ ಮುಖ ಮಾಡಿದ ಮಗನ ಬಗ್ಗೆ ತಾಯಿ, ‘ಈಗೊಂದಿಷ್ಟು ಲೈನಿಗೆ ಬಂದವ್ನೆ’ ಎಂದು ಉಸಿರು ಬಿಡುವುದೂ ಅದೇ ಮಾತಿನಲ್ಲಿ. ಗಂಡು ನೋಡಲು ಹೋದವರು ಹುಡುಗ ಯಾವ ಲೈನು ಎಂದರೆ ಕೇಳುತ್ತಿರುವುದು ಉದ್ಯೋಗ.

ಹುಡುಗರು ಹುಡುಗಿಯರ ಹಿಂದೆ ಬೀಳುವುದೂ ಲೈನ್ ಹೊಡೆಯುವುದೇ. ಈ ಅರ್ಥ ಬಂದಾಗ ರಾಜಣ್ಣನ ಹೆಂಡತಿ ಲಕ್ಷ್ಮೀದೇವಮ್ಮ ನೆರೆಹೊರೆಯವರ ಮುಂದೆ ಸುಮ್ಮನಿರುವುದಿಲ್ಲ.

‘ಮದುವೆಗೆ ಮುಂಚೆ ನಮ್ಮೂರಿಗೆ ವಾರವಾರ ರಿಪೇರಿಗೆ ಬರೋರು ಕಣ್ರೀ. ನಮ್ಮೂರಲ್ಲಿ ಏನೂ ಕೆಟ್ಟೇ ಇರ್ತಿರ್ಲಿಲ್ಲ.’

‘ಕೆಟ್ಟಿತ್ತು ಕಣೇ. ತಂತಿ ಮೇಲೆ ತೆಂಗಿನ ಸೋಗೆ ಬಿದ್ದಿತ್ತು.’

‘ವಾರವಾರ ನಮ್ಮನೆ ಮುಂದೇನೇ ಬೀಳೋದಾ ಸೋಗೆ?’

ರಾಜಣ್ಣ ನಗುತ್ತಾರೆ. ನಗು ಮುಗಿಯುವ ಮೊದಲೇ ಫೋನು ಹೊಡೆದುಕೊಳ್ಳುತ್ತದೆ. ಅವರ ಫೋನಿಗೆ ಲೈನ್ ಎಂದರೆ ಒಂದೇ ಅರ್ಥ, ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು. ಅದು ಬರುವುದು ಹಗಲಲ್ಲಿ ಕೆಲವೇ ಗಂಟೆ. ಆ ಹೊತ್ತಿನಲ್ಲಿ ತಂತಿ ಹರಿದರೆ ಆ ದಿನದ ನೀರು ಹೋಯಿತು. ಹಾಗಾಗಿ ಫೋನ್ ಮಾಡುವವರಿಗೆ ನಮಸ್ಕಾರ ಹೇಳಲೂ ಪುರುಸೊತ್ತಿರುವುದಿಲ್ಲ. ‘ರಾಜಣ್ಣ, ಲೈನು?’ ಎಂಬಲ್ಲಿಗೆ ಮಾತು ಮುಗಿಯಿತು. ಉಂಡು ಕೈ ತೊಳೆಯುವಾಗಲೂ ಅದೇ ಮಾತು, ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗಲೂ ಅದೇ.

ತೆಂಗಿನ ಸೀಮೆಯ ಲೈನ್‌ಮನ್‌ಗೆ ಮಳೆಗಿಂತ ಗಾಳಿಯ ಭಯ ಹೆಚ್ಚು. ತಂತಿಗಳು ತೋಟದ ಒಳಗೇ ಹಾದುಹೋಗುತ್ತವೆ. ಕಳಚಿದ ಒಂದು ಒಣ ಸೋಗೆ ಅಡ್ಡ ಬಿದ್ದರೆ ತಂತಿಗಳು ಒಂದಕ್ಕೊಂದು ತಾಗಿ ಉರಿಯುತ್ತವೆ, ಇಲ್ಲವೇ ಹರಿದು ನೇತಾಡುತ್ತವೆ. ಮರ ತೆಗೆಸಿ ಎಂದರೆ ಯಾರೂ ಒಪ್ಪುವುದಿಲ್ಲ. ‘ನಿನ್ನ ಕಂಬ ಮುಂಚೆ ಬಂತೋ, ನಮ್ಮಪ್ಪ ನೆಟ್ಟ ಮರ ಮುಂಚೆ ಬಂತೋ?’ ಎನ್ನುತ್ತಾರೆ. ರಾಜಣ್ಣ ಬಿದ್ದ ಸೋಗೆ ಎಳೆದು ಹಾಕಿ ಮುಂದಿನ ಕಂಬಕ್ಕೆ ಹೊರಡುತ್ತಾರೆ.

ಟಿಸಿ ಕಂಬದಲ್ಲಿ, ನಿಂತವರ ಕೈಗೆ ಸಿಗುವ ಹಾಗೆ, ಒಂದು ಕಬ್ಬಿಣದ ಹ್ಯಾಂಡಲ್ ಇರುತ್ತದೆ. ಕೆಳಗೆ ಎಳೆದರೆ ಆ ಟಿಸಿಯ ಲೈನ್ ಹೋಯಿತು, ಮೇಲೆ ತಳ್ಳಿದರೆ ಬಂತು. ಅದಕ್ಕೆ ಬೀಗ ಹಾಕಬೇಕೆಂಬುದು ನಿಯಮ. ಹಾಕಿದ ಬೀಗಗಳನ್ನೆಲ್ಲ ಲೈನ್‌ಮನ್ ಬರುವವರೆಗೆ ಕಾಯಲಾರದ ಜನ ಕಲ್ಲಿನಲ್ಲಿ ಒಡೆದಿದ್ದಾರೆ. ಕೊನೆಗೆ ರಾಜಣ್ಣ ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು. ಹ್ಯಾಂಡಲ್ ಎಳೆದ ಮೇಲೆ ಹೆಗಲ ಮೇಲಿನ ಕೆಂಪು ಚೌಕಳಿ ಟವೆಲ್ಲನ್ನು ಅದಕ್ಕೆ ಕಟ್ಟುತ್ತಾರೆ. ಟವೆಲ್ ಇದ್ದರೆ ರಾಜಣ್ಣ ಕಂಬದ ಮೇಲಿದ್ದಾರೆ, ಹ್ಯಾಂಡಲ್ ಮುಟ್ಟಬಾರದು. ಇದನ್ನು ಪ್ರತಿ ಊರಿನ ಅರಳಿಕಟ್ಟೆಯಲ್ಲಿ, ಟೀ ಅಂಗಡಿಯಲ್ಲಿ ಹೇಳಿ ಹೇಳಿ ನಾಟಿಸಿದ್ದರು. ಬೀಗ ಒಡೆದ ಜನ ಟವೆಲ್ ಮುಟ್ಟಲಿಲ್ಲ. ಇದರ ಮೇಲೆ, ಟಿಸಿ ಪೆಟ್ಟಿಗೆಯ ಫ್ಯೂಸುಗಳನ್ನೂ ಕಿತ್ತು ಬ್ಯಾಗಿಗೆ ಹಾಕಿಕೊಳ್ಳುವುದು ಅವರ ಅಭ್ಯಾಸ. ಕಾಂತೇಶರನ್ನು ಮೊದಲ ಸಲ ನೋಡಿ ಬಂದ ಮೇಲೆ ಶುರುವಾದದ್ದು.

ಶಿವರಾತ್ರಿ ಕಳೆದ ಮೇಲಿನ ಒಂದು ದಿನ ಬೆಳಗಿನಿಂದ ಗಾಳಿ. ರಾಜಣ್ಣ ಆಗಲೇ ಹಲವು ಕಂಬ ಹತ್ತಿ ಇಳಿದಿದ್ದರು, ಬುತ್ತಿ ಬಿಚ್ಚಿರಲಿಲ್ಲ. ತೋಪಿನಪಾಳ್ಯದ ಬೋರಯ್ಯನವರ ತೋಟದಲ್ಲಿ ತಂತಿ ಹರಿದಿದೆ ಎಂದು ಫೋನ್ ಬಂತು. ಮಾಡಿದವರು ಪಕ್ಕದ ತೋಟದ ರಂಗಪ್ಪ. ಇಬ್ಬರ ಪಂಪಿಗೂ ಅದೇ ಟಿಸಿ, ಬೋರಯ್ಯನವರ ಕಡೆಯ ತಂತಿ ಸೇರಿಸಲು ಲೈನ್ ತೆಗೆದರೆ ರಂಗಪ್ಪನವರ ಪಂಪೂ ನಿಲ್ಲುತ್ತದೆ. ರಾಜಣ್ಣ ಹೋಗಿ ಹ್ಯಾಂಡಲ್ ಎಳೆದು ಟವೆಲ್ ಕಟ್ಟಿದರು. ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತುಕ್ಕು ಹಿಡಿದು ಬಿಗಿದಿತ್ತು. ಎರಡು ಸಲ ಎಳೆದು ನೋಡಿದರು. ಇನ್ನೊಂದು ಊರಿನಿಂದ ಫೋನ್ ಹೊಡೆದುಕೊಳ್ಳುತ್ತಿತ್ತು. ಟವೆಲ್ ಇದೆಯಲ್ಲ ಎಂದುಕೊಂಡು ಮುಚ್ಚಳವನ್ನು ಹಾಗೇ ಬಿಟ್ಟು ತೋಟದೊಳಕ್ಕೆ ನಡೆದರು.

ಬೋರಯ್ಯ ಊರಿನಲ್ಲಿರಲಿಲ್ಲ. ಅವರ ಪಂಪ್ ಮನೆಗೆ ಒರಗಿಸಿದ್ದ ಏಣಿಯನ್ನು ರಾಜಣ್ಣ ತಾವೇ ಎಳೆದು ತಂದು ಕಂಬಕ್ಕೆ ಇಟ್ಟು ಹತ್ತಿದರು. ಮರಗಳ ನಡುವೆ ಅಲ್ಲಿಂದ ಟಿಸಿ ಕಾಣುವುದಿಲ್ಲ. ಬೆಲ್ಟು ಬಿಗಿದುಕೊಂಡು, ಹರಿದ ತಂತಿಯ ತುದಿಗೆ ಕೈ ಚಾಚಿದರು.

ರಂಗಪ್ಪನವರ ತೋಟದಲ್ಲಿ ಮೋಟಾರ್ ಗುಂಯ್ ಎಂದಿತು.

ಲೈನ್ ಬಂದ ಕೂಡಲೇ ತಾನಾಗಿ ಚಾಲೂ ಆಗುವ ಸ್ಟಾರ್ಟರನ್ನು ಈಗ ಎಲ್ಲರೂ ಹಾಕಿಸಿಕೊಂಡಿದ್ದಾರೆ. ಮೋಟಾರಿನ ಹಿಂದೆಯೇ ತೊಟ್ಟಿಗೆ ನೀರು ಧುಮುಕುವ ಸದ್ದೂ ಕೇಳಿತು. ರಾಜಣ್ಣನ ಕೈಗೂ ತಂತಿಗೂ ನಡುವೆ ಒಂದು ಗೇಣು ಇತ್ತು. ಕೈಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಂದು ಎದೆಗೆ ಒತ್ತಿಕೊಂಡರು. ಇಳಿಯಬೇಕೆಂದರೆ ಬೆಲ್ಟು ಬಿಚ್ಚಬೇಕು, ಬಿಚ್ಚಲು ಹಿಂದಕ್ಕೆ ಬಾಗಬೇಕು, ಬಾಗಿದರೆ ಹರಿಯದೆ ಉಳಿದ ತಂತಿ ಭುಜಕ್ಕೆ ತಾಗುತ್ತದೆ. ಏಣಿಯ ಮೆಟ್ಟಿಲಿಗೆ ಕಾಲು ಒತ್ತಿ ಕದಲದೆ ನಿಂತರು. ಆಗ ಅಂಗಿಯ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಎದೆಯ ಮೇಲಿದ್ದ ಕೈಯನ್ನೇ ಮೆಲ್ಲಗೆ ಜಾರಿಸಿ ತೆಗೆದರು. ರಂಗಪ್ಪ.

‘ಲೈನ್ ಬಂತು ಕಣಪ್ಪ ರಾಜಣ್ಣ! ಪುಣ್ಯಾತ್ಮ, ಎಷ್ಟು ಬೇಗ ಮಾಡ್ಬುಟ್ಟೆ. ಮಜ್ಜಿಗೆ ಕುಡ್ಕಂಡು ಹೋಗು ಬಾ.’

‘ರಂಗಪ್ಪಣ್ಣ, ಹ್ಯಾಂಡಲ್ ಯಾರು ಹಾಕಿದ್ದು?’

‘ನಾನೇ. ಟವೆಲ್ ಇರ್ಲಿಲ್ಲ ಕಣಪ್ಪ, ನೋಡೇ ಹಾಕ್ದೆ. ಕೆಲಸ ಮುಗಿಸಿ ಹೊಂಟೋದ ಅಂದ್ಕಂಡೆ.’

‘ಹ್ಯಾಂಡಲ್ ಎಳಿ.’

‘ಈಗಿನ್ನೂ ನೀರು ಹತ್ತೈತೆ. ಒಂದರ್ಧ ಗಂಟೆ ಬುಡು, ಹಿಂದ್ಲ ಸಾಲು ಒಣಗೋಗೈತೆ.’

‘ರಂಗಪ್ಪಣ್ಣ. ನಾನು ಕಂಬದ ಮೇಲಿದೀನಿ.’

ಚಪ್ಪಲಿಯ ಸದ್ದು, ಒಣ ಸೋಗೆ ಮುರಿಯುವ ಸದ್ದು, ವಯಸ್ಸಾದವರ ಏದುಸಿರು ಫೋನಿನಲ್ಲಿ ಕೇಳಿಬಂದವು. ಆ ಉಸಿರನ್ನೇ ಕೇಳುತ್ತ ರಾಜಣ್ಣ ನಿಂತರು. ಮೋಟಾರ್ ನಿಂತಿತು.

‘ಎಳದ್ಯಾ?’

‘ಎಳ್ದೆ.’

‘ಅದನ್ನ ಹಿಡ್ಕಂಡು ಅಲ್ಲೇ ನಿಂತ್ಕ. ನಾನು ಬರೋಗಂಟ ಕೈ ಬುಡಬ್ಯಾಡ.’

ರಾಜಣ್ಣ ಇಳಿದು ಹೋದಾಗ ರಂಗಪ್ಪ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು, ಅದಕ್ಕೇ ಹಣೆ ಒರಗಿಸಿ ನಿಂತಿದ್ದರು. ಅಷ್ಟರಲ್ಲಿ ತೊಟ್ಟಿಯ ಕಡೆಯಿಂದ ರಂಗಪ್ಪನವರ ಹೆಂಡತಿ ಹೊಂಬಾಳಮ್ಮ ಬಂದರು. ಕೈಯಲ್ಲಿ ಹಿಂಡಿದ ಕೆಂಪು ಚೌಕಳಿ ಟವೆಲ್ಲಿತ್ತು.

‘ಮರೆತು ಹೋಗಿದ್ಯಲ್ಲಪ್ಪ ಟವೆಲ್ನ. ಹಸ ಹೊಡ್ಕಂಡು ಬರ್ತಿದ್ದೆ, ಕಣ್ಣಿಗೆ ಬಿತ್ತು. ಎಷ್ಟು ಕೊಳೆ ಅಂತೀಯ! ಲಕ್ಷ್ಮೀದೇವಿಗೆ ಸೋಪು ಸಿಗಲ್ವಾ? ಒಗ್ದು ಕೊಡಾನ ಅಂತ ತಗಂಡೋದೆ.’

ರಂಗಪ್ಪನ ದನಿ ಏರಿತು. ‘ನೀನೇನು ಮಾಡಿದೀಯ ಗೊತ್ತೇನೇ?’

ಹೊಂಬಾಳಮ್ಮ ಗಂಡನ ಮುಖ ನೋಡಿದರು, ರಾಜಣ್ಣನ ಸೊಂಟದ ಬೆಲ್ಟು ನೋಡಿದರು.

‘ಬುಡಣ್ಣ,’ ಎಂದರು ರಾಜಣ್ಣ. ‘ಅಕ್ಕಂಗೆ ಹೇಳ್ದೋರು ಯಾರು?’

ಯಾರೂ ಹೇಳಿರಲಿಲ್ಲ. ಹ್ಯಾಂಡಲ್ ಮುಟ್ಟುವವರು ಗಂಡಸರು. ಟವೆಲ್ಲಿನ ಮಾತನ್ನು ರಾಜಣ್ಣ ಹೇಳಿದ್ದು ಗಂಡಸರು ಕೂರುವ ಜಾಗಗಳಲ್ಲಿ. ಕೊಳೆಯಾದ ಬಟ್ಟೆ ಕಂಡರೆ ಕೈಗೆತ್ತಿಕೊಳ್ಳುವವರು ಯಾರು ಎಂಬುದು ಅವರಿಗೂ ಹೊಳೆದಿರಲಿಲ್ಲ, ಊರಿಗೂ ಹೊಳೆದಿರಲಿಲ್ಲ.

ರಾಜಣ್ಣ ಮಜ್ಜಿಗೆ ಕುಡಿದರು. ಅರ್ಧ ಅಂಗಿಯ ಮೇಲೆ ಚೆಲ್ಲಿತು. ಆಮೇಲೆ ಸುತ್ತಿಗೆ ತೆಗೆದುಕೊಂಡು ಪೆಟ್ಟಿಗೆಯ ಮುಚ್ಚಳ ಬಡಿದು ತೆಗೆದು, ಫ್ಯೂಸುಗಳನ್ನು ಬ್ಯಾಗಿಗೆ ಹಾಕಿಕೊಂಡು, ಮತ್ತೆ ಅದೇ ಕಂಬ ಹತ್ತಿದರು. ತಂತಿ ಸೇರಿಸಿ ಇಳಿಯುವ ಹೊತ್ತಿಗೆ ತ್ರೀ ಫೇಸಿನ ಹೊತ್ತು ಮುಗಿದಿತ್ತು. ಹಿಂದಲ ಸಾಲಿಗೆ ನೀರು ಹೋಗಲಿಲ್ಲ. ಆಫೀಸಿಗೆ ತಿಳಿಸಿದರೆ ರಂಗಪ್ಪನ ಮೇಲೆ ಕೇಸಾಗುತ್ತದೆಂದು ರಾಜಣ್ಣ ತಿಳಿಸಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಆದರೆ ಲೈನ್ ಮನೆಯ ಗೋಡೆಗಳು ತೆಳು. ಯಾರೋ ಪಕ್ಕದ ಮನೆಯವರಿಗೆ ಫೋನ್ ಮಾಡಿದ್ದರು, ಲಕ್ಷ್ಮೀದೇವಮ್ಮ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡರು.

‘ಯುಗಾದಿಗಂಟ ರಜಾ ಹಾಕ್ಬುಡಿ.’

‘ಲೈನ್ ಯಾರೇ ನೋಡ್ಕತಾರೆ?’

‘ಅದನ್ನ ಯಾರೋ ಒಬ್ರು ನೋಡ್ಕತಾರೆ. ನನ್ನ?’

ರಾಜಣ್ಣ ಎರಡು ದಿನ ರಜೆ ಹಾಕಿದರು. ಎರಡು ದಿನವೂ ಫೋನ್ ಹೊಡೆದುಕೊಂಡಿತು. ಮೂರನೆಯ ದಿನ ಹೋದರು.

ಅದೇ ಟಿಸಿಗೆ ಮತ್ತೆ ಕರೆ ಬಂದದ್ದು ಕೆಲವು ದಿನಗಳ ನಂತರ, ಅದೇ ಬೋರಯ್ಯನವರ ಅದೇ ಮರದ ಸೋಗೆಗೆ. ರಂಗಪ್ಪ ಮೊದಲೇ ಬಂದು ನಿಂತಿದ್ದರು. ರಾಜಣ್ಣ ಹ್ಯಾಂಡಲ್ ಎಳೆದರು, ಫ್ಯೂಸು ಕಿತ್ತರು. ಒಗೆದು ಬಣ್ಣ ಬಿಟ್ಟ ಟವೆಲ್ ಹೆಗಲ ಮೇಲೇ ಇತ್ತು. ಬಾಗಿ ಎಡಗಾಲಿನ ಚಪ್ಪಲಿ ಬಿಚ್ಚಿ, ದಾರ ಪೋಣಿಸಿ ಹ್ಯಾಂಡಲ್ಲಿಗೆ ನೇತುಹಾಕಿದರು.

‘ಇದೇನಪ್ಪ, ಟಿಸಿಗೂ ದೃಷ್ಟಿ ಆಯ್ತದಾ?’

‘ಇದನ್ನ ಯಾರೂ ಒಗೆಯಲ್ಲ ಬುಡಣ್ಣ.’

ರಂಗಪ್ಪ ನಗಲು ಹೋಗಿ, ಹಸು ಹೊಡೆದುಕೊಂಡು ಬರುತ್ತಿದ್ದ ಹೆಂಡತಿಯನ್ನು ಕಂಡು ನಗು ನುಂಗಿದರು. ಹೊಂಬಾಳಮ್ಮ ಹಸುಗಳನ್ನು ಮರಕ್ಕೆ ಕಟ್ಟಿ ಬಂದವರು, ಟಿಸಿ ಕಂಬದ ಬುಡದ ಕಲ್ಲಿನ ಮೇಲೆ ಸೆರಗು ಹೊದ್ದು ಕೂತರು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

‘ನೀನು ಇಳಿಯೋಗಂಟ ನಾನು ಏಳಲ್ಲ. ಹೋಗಪ್ಪ.’

‘ಬಿಸ್ಲು ಅಕ್ಕ.’

‘ಮೇಲೇನು ನೆಳ್ಳೈತಾ?’

ರಾಜಣ್ಣ ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ಕಾದ ಮಣ್ಣಿನ ಮೇಲೆ ಕುಂಟುತ್ತ ತೋಟದೊಳಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಬೈಕಿನಲ್ಲಿ ಬಂದ ಒಬ್ಬ ಯುವಕ ಇಂಜಿನ್ ಆರಿಸದೆ ಕಾಲೂರಿ, ಹ್ಯಾಂಡಲ್ ಮೇಲಿನ ಚಪ್ಪಲಿಯನ್ನೂ ಹೊಂಬಾಳಮ್ಮನನ್ನೂ ನೋಡಿದ.

‘ಅಜ್ಜಿ, ಲೈನ್ ಯಾವಾಗ ಬತ್ತೈತೆ?’

‘ಬಂದಾಗ ಬತ್ತೈತೆ. ಹೋಗ್ಲಾ ಅತ್ಲಾಗೆ.’